ಆರು ತಿಂಗಳಲ್ಲಿ ನರ್ಸ್ ಆಗಬಹುದೇ?

ತಡಸದ ತಂಗಿಗೆ,

ಎಸ್ಸೆಸ್ಸೆಲ್ಸಿ ಮುಗಿಸಿದ್ದೀರಿ. ಆರು ತಿಂಗಳಲ್ಲಿ ನರ್ಸ್ ಮಾಡುತ್ತೇವೆ ಎಂದವರಿಗೆ ದುಡ್ಡು ಕಟ್ಟಲೇ ಎಂದು ಕೇಳಿದ್ದೀರಿ. ದಯವಿಟ್ಟು ಕಟ್ಟಬೇಡಿ. ನರ್ಸಿಂಗ್ ಕೋರ್ಸ್‌ಗಳಾದ ಎಎನ್‌ಎಂಗೆ 2 ವರ್ಷ, ಜಿಎನ್‌ಎಂಗೆ 3 ವರ್ಷ ಓದಬೇಕು, ಎರಡಕ್ಕೂ ಪಿಯುಸಿ ಆಗಿರಬೇಕು. ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿಯಾದ ಮೇಲಷ್ಟೇ ನರ್ಸ್.

ಈಗಲೇ ದುಡಿಯಬೇಕೆಂದರೆ, ರೋಗಿಗಳ ಆರೈಕೆಯಲ್ಲಿ ನರ್ಸ್‌ಗೆ ನೆರವಾಗುವ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ತರಬೇತಿ ಇದೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ನಡೆದರೆ ಶುಲ್ಕವಿಲ್ಲ. ಹಾವೇರಿಯ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಿ. ಖಾಸಗಿಯಾಗಿ ಸೇರುವುದಾದರೆ, ಯಾವ ಆಸ್ಪತ್ರೆಯ ವಾರ್ಡಿನಲ್ಲಿ ಎಷ್ಟು ದಿನ ಕೆಲಸ ಕಲಿಸುತ್ತೀರಿ ಎಂದು ಮೊದಲೇ ಕೇಳಿ. ಬರೀ ಕ್ಲಾಸ್‌ರೂಮಿನ ಕಲಿಕೆ ಇಲ್ಲಿ ನಡೆಯದು.

ಈ ಅಸಿಸ್ಟೆಂಟ್ ಕೆಲಸ ಹಗುರವಲ್ಲ. ಲಕ್ವಾ ಹೊಡೆದು ಮಲಗಿದ ಅಜ್ಜನನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನ ಕೆಳಗೆ ಬೆಡ್‌ಶೀಟ್ ಸುಕ್ಕಾಗಿದೆಯೇ, ಹಿಮ್ಮಡಿ ಕೆಂಪಾಗಿದೆಯೇ ಎಂದು ಪ್ರತಿಸಲ ನೋಡಬೇಕು. ಒತ್ತಿದರೂ ಆ ಕೆಂಪು ಮಾಯವಾಗದಿದ್ದರೆ ಹುಣ್ಣು ಶುರುವಾಗುತ್ತಿದೆ ಎಂದರ್ಥ. ತಕ್ಷಣ ನರ್ಸ್‌ಗೆ ಹೇಳಬೇಕು. ಊಟ ಮಾಡಿಸುವಾಗ ತಲೆ ಎತ್ತಿ ಕೂರಿಸದಿದ್ದರೆ ಗಂಜಿ ಶ್ವಾಸನಾಳಕ್ಕೆ ಇಳಿಯಬಹುದು. ಇಂಥದ್ದನ್ನು ಗಮನಿಸುವವರಿಂದಲೇ ಎಷ್ಟೋ ರೋಗಿಗಳು ಮನೆ ಸೇರುತ್ತಾರೆ. ಇಂಜೆಕ್ಷನ್ ಮಾತ್ರ ನಿಮ್ಮ ಕೆಲಸವಲ್ಲ, ಯಾರು ಒತ್ತಾಯಿಸಿದರೂ ಕೊಡಬೇಡಿ.

ಮನೆಯಲ್ಲಿ ಎರಡು ವರ್ಷ ತಡೆದುಕೊಳ್ಳುವಂತಿದ್ದರೆ ಪಿಯುಸಿ ಮಾಡಿ ಎಂಬುದೇ ನನ್ನ ಸಲಹೆ. ಕಲಾ ವಿಭಾಗವಾದರೂ ಎಎನ್‌ಎಂಗೆ ಅರ್ಜಿ ಹಾಕಬಹುದು. ಯಾವ ಕಾಲೇಜು ಸೇರುವ ಮುನ್ನವೂ ಅದಕ್ಕೆ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ಅಪ್ಪಾಜಿಯವರನ್ನು ಕರೆದುಕೊಂಡು ಹೋಗಿ ನೋಡಿ, ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಟ್ಟು ಬರಬೇಡಿ.