ಮ್ಯಾನೇಜ್‌ಮೆಂಟ್ ಪಿಎಚ್‌ಡಿ: ಅರ್ಜಿ ಹಾಕುವ ಮುನ್ನ



ವಾಣಿಜ್ಯ ತರಗತಿಯಲ್ಲಿ ನಾನು ಪಿಎಚ್‌ಡಿ ಮಾತೆತ್ತಿದರೆ ‘ಅಷ್ಟು ದುಡ್ಡೆಲ್ಲಿ ಸರ್?’ ಎನ್ನುತ್ತೀರಿ. ಲೆಕ್ಕ ಉಲ್ಟಾ ಇದೆ. ಬೆಂಗಳೂರಿನ ಐಐಎಂನಲ್ಲಿ ಎಂಬಿಎಗೆ ಲಕ್ಷಗಟ್ಟಲೆ ಶುಲ್ಕ; ಪಿಎಚ್‌ಡಿಗೆ ಆಯ್ಕೆಯಾದವರಿಗೆ ಶುಲ್ಕ ವಿನಾಯಿತಿಯ ಜೊತೆಗೆ ತಿಂಗಳ ಸಹಾಯಧನವೂ ಉಂಟು.

ಅರ್ಹತೆ: ವಿಶ್ವವಿದ್ಯಾಲಯಗಳಿಗೆ ಯುಜಿಸಿಯ 2022ರ ನಿಯಮ ಅನ್ವಯಿಸುತ್ತದೆ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಥವಾ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಬೇಕು. ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ ಶೇ. 5 ರಿಯಾಯಿತಿ ಇದೆ. ಐಐಎಂಗಳ ನಿಯಮ ಬೇರೆ, ಪ್ರಕಟಣೆ ಓದಿಕೊಳ್ಳಿ.

ಪರೀಕ್ಷೆ: ಐಐಎಂಗಳಿಗೆ ಸಾಮಾನ್ಯವಾಗಿ ಕ್ಯಾಟ್, ಜಿಮ್ಯಾಟ್ ಅಥವಾ ಜಿಆರ್‌ಇ ಅಂಕ, ವಿಶ್ವವಿದ್ಯಾಲಯಗಳಿಗೆ ನೆಟ್ ಅಥವಾ ಅವುಗಳದೇ ಪ್ರವೇಶ ಪರೀಕ್ಷೆ. ನೆಟ್‌ನಲ್ಲಿ ಜೆಆರ್‌ಎಫ್ ಗಳಿಸಿದವರಿಗೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್.

ಉದ್ದೇಶ ಪತ್ರ: ಅರ್ಜಿಯ ಜೀವಾಳ ಇದೇ. ‘ಪ್ರೊಫೆಸರ್ ಆಗುವಾಸೆ’ ಎಂದು ಬರೆದರೆ ಸಾಲದು. ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತೀರಿ ಎಂದು ಹೇಳಬೇಕು. ಉದಾಹರಣೆಗೆ, ಉದ್ರಿ ಕೊಡುವ ಕಿರಾಣಿ ಅಂಗಡಿಯವನು ಯಾರನ್ನು ನಂಬಬೇಕೆಂದು ಹೇಗೆ ತೀರ್ಮಾನಿಸುತ್ತಾನೆ? ಸಂದರ್ಶನದಲ್ಲೂ ಇಂಥದ್ದನ್ನೇ ಕೆದಕುತ್ತಾರೆ. ನಿಮ್ಮನ್ನು ಬಲ್ಲ ಅಧ್ಯಾಪಕರ ಶಿಫಾರಸು ಪತ್ರವೂ ಬೇಕಾಗುತ್ತದೆ.

ಹಾಗಾಗಿ ಪಿಯುಸಿಯಲ್ಲೇ ಸಂಖ್ಯಾಶಾಸ್ತ್ರ, ಗಣಿತಕ್ಕೆ ಹೆದರಿ ಓಡಬೇಡಿ. ಸಂಶೋಧನೆಗೆ ಅವೇ ಕೈಗೋಲು. ಅಂಗಡಿ, ಬ್ಯಾಂಕು, ಸಂತೆಯಲ್ಲಿ ಹೊಳೆದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.