ಬೆಲೆ ಇಳಿಸಿದ ಕಾರು, ರೂಪ ಬದಲಿಸಿದ ಕಾರು

ದ್ವಿತೀಯ ಪಿಯುಸಿಯ ಮಾರುಕಟ್ಟೆ ಪಾಠದಲ್ಲಿ ಉತ್ಪನ್ನ ಮತ್ತು ಬೆಲೆ ಇವೆರಡನ್ನೂ ಬೇರೆ ಬೇರೆ ಶೀರ್ಷಿಕೆಯಡಿ ಓದುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಒಂದು ವಸ್ತುವಿನ ರೂಪ ಬದಲಾದಾಗ ಅದರ ಖರ್ಚು ಯಾರ ಜೇಬಿನಿಂದ ಹೋಗುತ್ತದೆ? ಇದನ್ನು ತಿಳಿಯಲು ಅಮೆರಿಕದ ಕಾರುಗಳ ಇತಿಹಾಸಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ನನಗೆ ಕಾರುಗಳ ಹುಚ್ಚು ಇರುವುದು ನನ್ನ ವಿದ್ಯಾರ್ಥಿಗಳಿಗೆ ಗೊತ್ತು. ಆದ್ದರಿಂದ ಇಲ್ಲಿ ಲೆಕ್ಕದ ಜೊತೆ ನನ್ನ ಅಭಿಪ್ರಾಯಗಳೂ ಸೇರಿವೆ.

1908ರ ಅಕ್ಟೋಬರಿನಲ್ಲಿ ಹೆನ್ರಿ ಫೋರ್ಡ್ ಮಾಡೆಲ್ ಟಿ ಕಾರನ್ನು ಮಾರುಕಟ್ಟೆಗೆ ತಂದಾಗ ಇಬ್ಬರು ಕೂರುವ ಮಾದರಿಯ ಬೆಲೆ 825 ಡಾಲರ್. 1925ರ ಹೊತ್ತಿಗೆ ಅದೇ ಬಗೆಯ ಕಾರಿಗೆ 260 ಡಾಲರ್! ಇದು ಹೇಗಾಯಿತು? 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂತು. ಒಂದು ಚಾಸಿ ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದದ್ದು ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಆದರೆ ಸಾಲು ಅಷ್ಟು ವೇಗವಾಗಿ ಓಡಬೇಕಾದರೆ ಅದರ ಮೇಲಿನ ವಸ್ತು ಬದಲಾಗಬಾರದು. ಮಾಡೆಲ್ ಟಿ ಮೂಲತಃ ಬದಲಾಗಲೇ ಇಲ್ಲ. 1914ರಿಂದ ಹಲವು ವರ್ಷ ಕಪ್ಪು ಬಿಟ್ಟರೆ ಬೇರೆ ಬಣ್ಣವೂ ಇರಲಿಲ್ಲ. ಸ್ಥಿರ ವೆಚ್ಚವನ್ನು ಹೆಚ್ಚು ಉತ್ಪಾದನೆಯ ಮೇಲೆ ಹಂಚಿದಷ್ಟೂ ಸರಾಸರಿ ವೆಚ್ಚ ಇಳಿಯುತ್ತದೆ ಎಂದು ಅರ್ಥಶಾಸ್ತ್ರದಲ್ಲಿ ರೇಖಾಚಿತ್ರ ಬಿಡಿಸುತ್ತೀರಲ್ಲ, ಆ ರೇಖೆಯೇ ಒಂದೂವರೆ ಕೋಟಿ ಕಾರುಗಳಾಗಿ ರಸ್ತೆಗೆ ಇಳಿಯಿತು. ದಿನಕ್ಕೆ 5 ಡಾಲರ್ ದುಡಿಯುವವನಿಗೆ 260 ಡಾಲರ್ ಎಂದರೆ 52 ದಿನಗಳ ಕೂಲಿ. ಅಂದಿನಿಂದ ಇಂದಿನವರೆಗೆ ಬಡವನ ಕಡೆಗೆ ಇಷ್ಟು ದೂರ ನಡೆದು ಬಂದ ಇನ್ನೊಂದು ಅಮೆರಿಕನ್ ಕಾರು ಇಲ್ಲ ಎಂಬುದು ನನ್ನ ಅಭಿಪ್ರಾಯ.

ಫೋರ್ಡ್‌ನನ್ನು ಸೋಲಿಸಿದ್ದು ಅದಕ್ಕಿಂತ ಅಗ್ಗದ ಕಾರಲ್ಲ. ಜನರಲ್ ಮೋಟಾರ್ಸ್‌ನ ಆಲ್ಫ್ರೆಡ್ ಸ್ಲೋನ್ ಬೇರೆ ಲೆಕ್ಕ ಹಾಕಿದರು. ಕಾರು ಬೇಕಾದವರಲ್ಲಿ ಬಹಳ ಜನರ ಬಳಿ ಆಗಲೇ ಒಂದು ಕಾರಿದೆ. ಅವರು ಎರಡನೆಯದನ್ನು ಕೊಳ್ಳಬೇಕಾದರೆ ಮೊದಲನೆಯದು ಹಳೆಯದಾಗಿ ಕಾಣಬೇಕು. ಹೀಗೆ ವರ್ಷಕ್ಕೊಮ್ಮೆ ರೂಪ ಬದಲಿಸುವ ಪದ್ಧತಿ ಬೆಳೆಯಿತು. ಕೆಳಗೆ ಷೆವ್ರೊಲೆ, ಮೇಲೆ ಕ್ಯಾಡಿಲಾಕ್, ನಡುವೆ ಒಂದೊಂದು ಆದಾಯಕ್ಕೆ ಒಂದೊಂದು ಮೆಟ್ಟಿಲು. ಏರಲು ಹಣ ಸಾಲದವರಿಗೆ ಸಾಲ ಕೊಡಲು 1919ರಲ್ಲೇ ಕಂಪನಿಯದೇ ಹಣಕಾಸು ಸಂಸ್ಥೆ ತೆರೆದಿತ್ತು. (ಬಡ್ಡಿಯ ವಿಷಯಕ್ಕೆ ಇಲ್ಲಿ ಹೋಗುವುದಿಲ್ಲ, ಅದಕ್ಕೆ ಇನ್ನೊಂದು ಲೇಖನವೇ ಬೇಕು.) 1927ರಲ್ಲಿ ಫೋರ್ಡ್ ಮಾಡೆಲ್ ಟಿ ನಿಲ್ಲಿಸಿ, ಹೊಸ ಮಾದರಿಗಾಗಿ ತಿಂಗಳುಗಟ್ಟಲೆ ಉತ್ಪಾದನೆ ನಿಲ್ಲಿಸಬೇಕಾಯಿತು. ಅದೇ ವರ್ಷ ಜನರಲ್ ಮೋಟಾರ್ಸ್ ಹಾರ್ಲಿ ಅರ್ಲ್ ಎಂಬ ವಿನ್ಯಾಸಕಾರನಿಗಾಗಿ ಪ್ರತ್ಯೇಕ ವಿಭಾಗವನ್ನೇ ಕಟ್ಟಿತು.

ಅರ್ಲ್‌ನ ಕಾಲದ ಕ್ಯಾಡಿಲಾಕ್‌ಗಳ ಹಿಂಬದಿಯಲ್ಲಿ ಮೀನಿನ ರೆಕ್ಕೆಯಂಥ ಆಕಾರ ನೋಡಿರಬಹುದು. 1948ರಲ್ಲಿ ಚಿಕ್ಕದಾಗಿ ಮೊಳೆತದ್ದು 1959ರಲ್ಲಿ ಆಳೆತ್ತರಕ್ಕೆ ಬಂದಂತೆ ಕಾಣುತ್ತದೆ. ಚಿತ್ರದಲ್ಲಿ ಚೆನ್ನ, ಸುಳ್ಳು ಹೇಳುವುದಿಲ್ಲ, ನನಗೂ ಇಷ್ಟ. ಆದರೆ ಪ್ರತಿ ಹೊಸ ಆಕಾರಕ್ಕೂ ತಗಡು ಒತ್ತುವ ಅಚ್ಚುಗಳನ್ನು ಹೊಸದಾಗಿ ಮಾಡಬೇಕು. ಆ ವೆಚ್ಚವನ್ನು ಕೋಟಿಗಟ್ಟಲೆ ಕಾರುಗಳ ಮೇಲೆ ಹಂಚಲು ಸಮಯವೇ ಇಲ್ಲ, ಮುಂದಿನ ವರ್ಷ ಅಚ್ಚು ಮೂಲೆಗೆ. 1962ರಲ್ಲಿ ಫಿಶರ್, ಗ್ರಿಲಿಕಸ್, ಕೇಸನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನು ಲೆಕ್ಕ ಹಾಕಿದರು. ಕಾರುಗಳು 1949ರಲ್ಲಿದ್ದ ಗಾತ್ರ, ಶಕ್ತಿ, ಸಲಕರಣೆಗಳಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಎಂಬುದು ಅವರ ಪ್ರಶ್ನೆ. 1950ರ ದಶಕದ ಕೊನೆಗೆ ಗಿರಾಕಿ ಕೊಡುತ್ತಿದ್ದ ಬೆಲೆಯ ಕಾಲು ಭಾಗಕ್ಕೂ ಹೆಚ್ಚು ಇಂಥ ಬದಲಾವಣೆಗಳದ್ದೇ ಎಂದು ಉತ್ತರ ಬಂತು. ದೊಡ್ಡ ಕಾರು ಕುಡಿಯುವ ಹೆಚ್ಚಿನ ಪೆಟ್ರೋಲಿನ ಖರ್ಚು ಬೇರೆ.

ಇದನ್ನು ಮೋಸ ಎನ್ನಲಾಗದು. ಗಿರಾಕಿ ಕಣ್ಣಾರೆ ಕಂಡೇ ಕೊಂಡ. ಮೋಸ ಇನ್ನೊಂದು ಕಡೆ ಇತ್ತು. ಡೀಲರುಗಳು ಮೊದಲು ಬೆಲೆ ಏರಿಸಿ ಹೇಳಿ, ಆಮೇಲೆ ಹಳೆಯ ಕಾರಿಗೆ ಭಾರಿ ಬೆಲೆ ಕೊಟ್ಟಂತೆ ತೋರಿಸುತ್ತಿದ್ದರು. ಓಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ಮುಂದಾಗಿ ನಿಂತು 1958ರಲ್ಲಿ ಕಾನೂನು ತಂದರು: ಹೊಸ ಕಾರಿನ ಗಾಜಿನ ಮೇಲೆ ಮೂಲ ಬೆಲೆ, ಹೆಚ್ಚುವರಿ ಸಲಕರಣೆಗಳ ಬೆಲೆ, ಸಾಗಾಣಿಕೆ ವೆಚ್ಚ ಎಲ್ಲವನ್ನೂ ಬರೆದ ಚೀಟಿ ಇರಲೇಬೇಕು. ಇಂದಿಗೂ ಆ ಚೀಟಿಗೆ ಅವರದೇ ಹೆಸರು. ಒದ್ದೆ ಧಾನ್ಯವನ್ನು ರಾಶಿಯ ಅಡಿಯಲ್ಲಿ ಬಚ್ಚಿಟ್ಟ ವ್ಯಾಪಾರಿಗೆ, ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡು ಎಂದು ಪ್ರವಾದಿಯವರು (ಸ) ತಿಳಿಹೇಳಿದ ಹದೀಸ್ ನಿಮಗೆ ಗೊತ್ತೇ ಇದೆ. ಈ ಕಾನೂನಿನ ಬಗ್ಗೆ ಓದಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಇನ್ನು ಕಾರುಪ್ರಿಯನಾಗಿ ನನ್ನ ತೀರ್ಪು. 1964ರ ಏಪ್ರಿಲ್ 17ರಂದು ಬಂದ ಫೋರ್ಡ್ ಮಸ್ಟಾಂಗ್ ಅತ್ಯಂತ ಜಾಣ ಮರುವಿನ್ಯಾಸ. ಒಳಗಿನ ಬಹುಪಾಲು ಭಾಗಗಳು ಆಗಲೇ ತಯಾರಾಗುತ್ತಿದ್ದ ಸಾಧಾರಣ ಫಾಲ್ಕನ್ ಕಾರಿನವು, ಮೇಲಿನ ಉಡುಪು ಮಾತ್ರ ಹೊಸದು. ಆದ್ದರಿಂದಲೇ 2,368 ಡಾಲರಿಗೆ ಕೊಡಲು ಸಾಧ್ಯವಾಯಿತು. ಮೊದಲ ಹನ್ನೆರಡು ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟ. ಇದಕ್ಕೆ ತದ್ವಿರುದ್ಧ 1996ರ ಫೋರ್ಡ್ ಟಾರಸ್. ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಕಾರನ್ನು ಹಿಂದಿನ ಗಾಜಿನವರೆಗೂ ಮೊಟ್ಟೆಯಾಕಾರಕ್ಕೆ ತಿದ್ದಿದರು, ಬೆಲೆಯನ್ನೂ ಏರಿಸಿದರು. 1997ರಲ್ಲಿ ಮೊದಲ ಸ್ಥಾನ ಟೊಯೊಟಾ ಕ್ಯಾಮ್ರಿಗೆ ಹೋಯಿತು. ಯಾರೂ ಕೇಳದ ಬದಲಾವಣೆಗೆ ಗಿರಾಕಿ ಹಣ ಕೊಡಲಿಲ್ಲ.

ಹಾಗಾದರೆ ರೂಪ ಬದಲಿಸದಿದ್ದರೆ ಬೆಲೆ ತಾನಾಗಿ ಇಳಿಯುತ್ತದೆಯೇ ಸರ್ ಎಂದು ತರಗತಿಯಲ್ಲಿ ಒಬ್ಬಳು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ನಮ್ಮ ಅಂಬಾಸಿಡರ್ 1958ರಿಂದ 2014ರವರೆಗೆ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಬಂತು. ಆದರೂ ಅದು ಭಾರತದ ಮಾಡೆಲ್ ಟಿ ಆಗಲಿಲ್ಲ. ಲೈಸೆನ್ಸ್ ಕಾಲದಲ್ಲಿ ಸ್ಪರ್ಧೆ ಇರಲಿಲ್ಲ, ಉತ್ಪಾದನೆ ಕಡಿಮೆ, ಹೆಸರು ಬರೆಸಿ ಕಾಯುವ ಗಿರಾಕಿಗಳು ಸಾಲಾಗಿ ನಿಂತಿದ್ದರು. ಇಳಿಸುವ ಅಗತ್ಯ ಯಾರಿಗಿತ್ತು?

ಮಕ್ಕಳೇ, ಮುಂದಿನ ವಾರಕ್ಕೆ ಒಂದು ಕೆಲಸ. ಇತ್ತೀಚೆಗೆ ಹೊಸ ರೂಪದಲ್ಲಿ ಬಂದ ಯಾವುದಾದರೂ ಒಂದು ಬೈಕ್ ಅಥವಾ ಕಾರನ್ನು ಆರಿಸಿ. ಹಿಂದಿನ ಮಾದರಿಯ ಮತ್ತು ಹೊಸದರ ಷೋರೂಮ್ ಬೆಲೆ ಬರೆದುಕೊಳ್ಳಿ. ಎಂಜಿನ್, ಬ್ರೇಕ್, ಸುರಕ್ಷತೆಯಲ್ಲಿ ಆದ ಬದಲಾವಣೆ ಒಂದು ಕಡೆ, ದೀಪ, ಸ್ಟಿಕ್ಕರ್, ಬಣ್ಣದ್ದು ಇನ್ನೊಂದು ಕಡೆ ಪಟ್ಟಿ ಮಾಡಿ ತನ್ನಿ.