ಚಕ್ಕೆಯ ಬೆನ್ನು ನೋಡಿ

ಗೋಡೆಯ ಬಣ್ಣ ಎದ್ದಿತೆಂದರೆ ಸಾಮಾನ್ಯವಾಗಿ ಎಲ್ಲರೂ ಮೊದಲು ಹೋಗುವುದು ಪೇಂಟ್ ಅಂಗಡಿಗೆ. ನಾನೀಗ ಎದ್ದ ಬಣ್ಣದ ಒಂದು ಚಕ್ಕೆ ಕಿತ್ತು, ಕಿಟಕಿಯ ಬೆಳಕಿಗೆ ಹಿಡಿದು, ಅದರ ಬೆನ್ನು ನೋಡುತ್ತೇನೆ. ಬೆನ್ನಿಗೆ ಬಿಳಿ ಪುಡಿ ಅಂಟಿದ್ದರೆ ಅಡಿಯಲ್ಲಿ ಹಳೇ ಸುಣ್ಣವೋ ಡಿಸ್ಟೆಂಪರೋ ಇದೆ, ಅದನ್ನು ಕೆರೆಯದೆ ಎಮಲ್ಷನ್ ಹೊಡೆದಿದ್ದಾರೆ. ಮರಳು ಸಮೇತ ಕಿತ್ತು ಬಂದರೆ ಪ್ಲಾಸ್ಟರೇ ಸತ್ತಿದೆ. ಬೆನ್ನು ನುಣ್ಣಗೆ ಹೊಳೆಯುತ್ತಿದ್ದರೆ ಆಯಿಲ್ ಪೇಂಟಿನ ಮೇಲೆ ಉಜ್ಜದೆ ಬಳಿದಿದ್ದಾರೆ ಎಂದೇ ಲೆಕ್ಕ.

ಮೈಸೂರಿನ ನಮ್ಮ ಮನೆಯಲ್ಲಿ ನಡುಮನೆಯದು ಮೊದಲನೇ ಜಾತಿ. ಕೆರೆದು, ಒದ್ದೆಬಟ್ಟೆಯಲ್ಲಿ ಒರೆಸಿ, ಪ್ರೈಮರ್ ಕುಡಿಸಿದರೆ ಮುಗಿಯುವಂಥದ್ದು. ಸತಾಯಿಸಿದ್ದು ಮಲಗುವ ಕೋಣೆಯ ಗೋಡೆ. ಅದರ ಆಚೆ ಬಚ್ಚಲು. ನೆಲದಿಂದ ಮೊಣಕಾಲೆತ್ತರದವರೆಗೆ ಬಣ್ಣ ಗುಳ್ಳೆಗುಳ್ಳೆಯಾಗಿ ಉಬ್ಬಿತ್ತು. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ಹತ್ತಿಯ ಎಳೆಯಂಥ ಬಿಳಿ ಉಪ್ಪು. ಇಟ್ಟಿಗೆ, ಸಿಮೆಂಟಿನಲ್ಲಿರುವ ಲವಣವನ್ನು ನೀರು ಕರಗಿಸಿಕೊಂಡು ಬರುತ್ತದೆ, ಗೋಡೆಯ ಮೈಯಲ್ಲಿ ನೀರು ಆರುತ್ತದೆ, ಲವಣ ಹರಳುಗಟ್ಟುತ್ತದೆ. ಆ ಹರಳು ಬೆಳೆಯುತ್ತಾ ಬಣ್ಣವನ್ನು ಒಳಗಿನಿಂದ ಎತ್ತಿ ಹಾಕುತ್ತದೆ.

"ಮೇಡಂ, ಎರಡು ಕೋಟ್ ಪುಟ್ಟಿ ಎಳೆದ್ರೆ ಏನೂ ಕಾಣಲ್ಲ" ಎಂದರು ಪೇಂಟರ್. ಕಾಣುವುದಿಲ್ಲ, ನಿಜ. ಮುಂದಿನ ಮಳೆಗಾಲದವರೆಗೆ.

ನೀರು ಒಳಗಿನದೋ ಹೊರಗಿನದೋ ಎಂದು ತಿಳಿಯಲು ದುಡ್ಡು ಖರ್ಚಿಲ್ಲದ ಉಪಾಯವಿದೆ. ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಗೋಡೆ ಕಡೆಗೆ ಬೆವರಿದ್ದರೆ ಗೋಡೆಯೇ ನೀರು ಕುಡಿದಿದೆ. ಕೋಣೆಯ ಕಡೆಗೆ ಬೆವರಿದ್ದರೆ ಅದು ಗಾಳಿಯಲ್ಲಿನ ತೇವ. ನಮ್ಮದು ಗೋಡೆಯ ಕಡೆಗೇ ಬೆವರಿತ್ತು. ಪ್ಲಂಬರ್ ಬಂದು ನೋಡಿದರೆ ಬಚ್ಚಲಿನ ಟೈಲ್ಸ್ ಸಂದಿಯ ಸಿಮೆಂಟು ಅಲ್ಲಲ್ಲಿ ಉದುರಿತ್ತು, ನಲ್ಲಿಯ ಬುಡದಲ್ಲೂ ಸೋರಿಕೆ. ಅದು ಸರಿಯಾಗುವವರೆಗೆ ಈ ಕಡೆ ಬ್ರಷ್ ಮುಟ್ಟಿಸಕೂಡದು ಎಂದು ಹಟ ಹಿಡಿದೆ.

ಉಪ್ಪನ್ನು ನೀರು ಹಾಕಿ ತೊಳೆಯಬೇಡಿ, ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಒಣ ಬ್ರಷ್ಷಿನಲ್ಲಿ ಉಜ್ಜಿ, ಪುಡಿಯನ್ನು ಮೊರಕ್ಕೆ ಬಳಿದು ಹೊರಗೆ ಹಾಕಬೇಕು. ಹೊಸ ಪ್ಲಾಸ್ಟರ್ ಬಿದ್ದ ಕಡೆ ಕನಿಷ್ಠ 28 ದಿನ ಕಾಯುವುದು ರೂಢಿ. ಇಷ್ಟು ದಿನ ಮಂಚವನ್ನು ಕೋಣೆಯ ನಡುವೆ ಎಳೆದುಕೊಂಡು ಮಲಗುವುದು ಸುಖದ ಮಾತಲ್ಲ.

ಇನ್ನೊಂದು ಎಚ್ಚರಿಕೆ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಆಯಿಲ್ ಪೇಂಟನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿಕೊಂಡು ಕೆರೆಯಿರಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

ಉಳಿದದ್ದು ಎಲ್ಲರಿಗೂ ಗೊತ್ತಿರುವ ಕೆಲಸ: ಪ್ರೈಮರ್, ತೆಳ್ಳಗೆ ಎರಡು ಸಲ ಪುಟ್ಟಿ, ಉಪ್ಪುಕಾಗದ, ಮತ್ತೆ ಪ್ರೈಮರ್, ಆಮೇಲೆ ಬಣ್ಣ. ವೈಟ್ ಸಿಮೆಂಟ್ ಪುಟ್ಟಿಯನ್ನು ಬೇಕಾದಷ್ಟೇ ಕಲೆಸಿಕೊಳ್ಳಿ. ಗಟ್ಟಿಯಾಗಲು ಶುರುವಾದ ಮೇಲೆ ನೀರು ಬೆರೆಸಿ ಮೆತ್ತಗೆ ಮಾಡಿದ್ದು ಗೋಡೆಯಲ್ಲಿ ನಿಲ್ಲುವುದಿಲ್ಲ. ಹಳೇ ಬಣ್ಣ, ಹೊಸ ಪುಟ್ಟಿ ಸೇರುವ ಅಂಚು ಅಂಗೈ ಸವರಿದರೆ ಗೊತ್ತಾಗಬಾರದು. ಮೊಬೈಲ್ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದರೆ ಉಬ್ಬುತಗ್ಗಿನ ನೆರಳು ಬೀಳುತ್ತದೆ. ಪೇಂಟರಿಗೆ ಈ ಪರೀಕ್ಷೆ ಅಷ್ಟು ಹಿಡಿಸಲಿಲ್ಲವೆನ್ನಿ.

ಕೆಟ್ಟ ಜಾಗಕ್ಕಷ್ಟೇ ಬಣ್ಣ ಹಚ್ಚಿಸಿ ಉಳಿಸಲು ಹೋಗಬೇಡಿ. ಡಬ್ಬಿಯ ಮೇಲಿನ ಶೇಡ್ ನಂಬರ್ ಒಂದೇ ಇದ್ದರೂ ಹಳೇ ಬಣ್ಣ ಮಾಸಿರುತ್ತದೆ, ತೇಪೆ ಎದ್ದು ಕಾಣುತ್ತದೆ. ಮೂಲೆಯಿಂದ ಮೂಲೆಗೆ ಒಂದು ಇಡೀ ಗೋಡೆಗೆ ಹೊಡೆಸಿದರೆ, ಪಕ್ಕದ ಗೋಡೆಯೊಂದಿಗಿನ ವ್ಯತ್ಯಾಸ ಮೂಲೆಯಲ್ಲೇ ಮರೆಯಾಗುತ್ತದೆ.